ಗಿರಣಿಯ ಕಲ್ಲು ಕಟೆಯಲು ಸಿಂಧನೂರಿಗೆ ಹೋದದ್ದು

ಲಿಂಗಸುಗೂರಿನಿಂದ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಬೋರ್ಡಿನ ಅಕ್ಷರ ಒಂದೊಂದೇ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ. ಅದಕ್ಕೆ ಮೊದಲು ಹತ್ತಿ ಆಮೇಲೆ ಕೇಳುವುದು ನನ್ನ ರೂಢಿ. ಮಸ್ಕಿಗೆ ನಾಲ್ಕು ರೂಪಾಯಿ ಟಿಕೀಟು. ಚೀಲದಲ್ಲಿ ಎರಡು ಉಳಿ, ಒಂದು ಸುತ್ತಿಗೆ, ನಾಲ್ಕು ರೊಟ್ಟಿ, ಖಾರ ಇದ್ದವು. ಕಂಡಕ್ಟರ್ ಚೀಲಕ್ಕೆ ಕಾಲು ಬಡಿಸಿಕೊಂಡು ಲಗೇಜಿನ ದುಡ್ಡು ಕೇಳಿದ.

“ಏನದ ಇದ್ರಾಗ, ಇಷ್ಟು ಭಾರ?”

“ನನ್ನ ಹೊಟ್ಟಿ ಅದ,” ಎಂದೆ.

“ಹೊಟ್ಟಿಗೆ ಅರ್ಧ ಟಿಕೀಟ್ ಆಗತದ, ಆಯಿ,” ಎಂದು ನಕ್ಕು ಮುಂದೆ ಹೋದ. ನಗಿಸಿದರೆ ಲಗೇಜು ಉಳಿಯುತ್ತದೆ. ಊರೂರು ತಿರುಗಿ ಕಲಿತದ್ದು ಅದು.

ಬೀಸುಕಲ್ಲು ಬೀಸಿ ಬೀಸಿ ನುಣುಪಾಗುತ್ತದೆ. ನುಣುಪಾದ ಕಲ್ಲು ಜೋಳ ಒಡೆಯುವುದಿಲ್ಲ. ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಅದನ್ನು ಮತ್ತೆ ಒರಟು ಮಾಡಬೇಕು. ಅದಕ್ಕೆ ಕಲ್ಲು ಕಟೆಯುವುದು ಎನ್ನುತ್ತೇವೆ. ಗಂಡ ಕಲಿಸಿದ. ಅವನು ಸತ್ತ ಮೇಲೂ ಅದರಲ್ಲೇ ಉಂಡೆ. ಈಗ ನಮ್ಮೂರಲ್ಲಿ ಓಣಿಗೊಂದು ಹಿಟ್ಟಿನ ಗಿರಣಿ ಆಗಿದೆ. ಆ ತಿಂಗಳು ಒಬ್ಬರೂ ಕರೆಯಲಿಲ್ಲ. ಈ ಸಲ ಹೊರಗೂ ಕೆಲಸ ಸಿಗದಿದ್ದರೆ ಉಳಿ, ಸುತ್ತಿಗೆ ಎಲ್ಲವನ್ನೂ ಗುಜರಿಗೆ ಹಾಕುವುದು ಎಂದುಕೊಂಡೇ ಹೊರಟಿದ್ದೆ.

ಮಸ್ಕಿಯಲ್ಲಿ ಬಿಸಿಲು ನೆತ್ತಿಗೇರುವವರೆಗೆ “ಬೀಸೋ ಕಲ್ಲು ಕಟಿಸ್ತೀರೇನ್ರೆವ್ವಾ” ಎಂದು ಕೂಗುತ್ತ ನಾಲ್ಕು ಓಣಿ ತಿರುಗಿದೆ. ನಾಯಿಗಳು ಮಾತ್ರ ಉತ್ತರ ಕೊಟ್ಟವು. ವರ್ಷ ವರ್ಷ ತಪ್ಪದೆ ಕಟೆಯಿಸುತ್ತಿದ್ದ ಹಂಪಮ್ಮನ ಮನೆಗೆ ಹೋದೆ. ಅವಳ ಬೀಸುಕಲ್ಲು ಬಚ್ಚಲ ಮುಂದೆ ಬೋರಲು ಬಿದ್ದಿತ್ತು. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು.

“ಸಿಟ್ಟಾಗಬ್ಯಾಡ ಯಕ್ಕಾ,” ಎಂದಳು. “ಬೀಸಿ ಬೀಸಿ ರಟ್ಟಿ ಬಿದ್ದು ಹೋಗಿದ್ದವು. ಗಿರಣ್ಯಾಗ ಒಂದ್ ಬೀಡಿ ಸೇದೂದ್ರಾಗ ಹಿಟ್ಟಾಗತದ.”

ಸಿಟ್ಟಾಗಲು ನನಗೆ ಮುಖವಿರಲಿಲ್ಲ. ನಾನೂ ಮನೆಯಲ್ಲಿ ಗಿರಣಿ ಹಿಟ್ಟೇ ತಿನ್ನುವವಳು. ದಿನವೆಲ್ಲ ಕಲ್ಲು ಕಟೆದು ಬಂದ ಕೈಗೆ ಬೀಸಲು ಆಗುವುದಿಲ್ಲ.

ಹಂಪಮ್ಮ ಚಹಾ ಕೊಟ್ಟು, ಧೈರ್ಯ ಬಿಡಬಾರದು ಎಂದೂ ಹೇಳಿದಳು. ಆ ಮಾತನ್ನು ಎಲ್ಲರೂ ಹೇಳುತ್ತಾರೆ, ಹೇಳುವವರ ಗಂಟು ಏನೂ ಹೋಗುವುದಿಲ್ಲ. ಆದರೆ ಅವಳು ಕೆಲಸಕ್ಕೆ ಬರುವ ಮಾತೂ ಒಂದು ಆಡಿದಳು.

“ಗಿರಣ್ಯಾಗ ಇರೂದೂ ಕಲ್ಲ ಅಲ್ಲೇನು? ಅವೂ ಸವೀತಾವ. ನನ್ನ ತಮ್ಮ ಸಿಂಧನೂರಾಗ ಹಮಾಲಿ ಮಾಡ್ತಾನ. ಅಲ್ಲಿ ಬಸ್‌ಸ್ಟ್ಯಾಂಡ್ ಹಿಂದಿನ ಗಿರಣ್ಯಾಗ ಕಲ್ಲು ಕಟಿಯಾಂವ ಬಿಟ್ಟು ಹೋಗ್ಯಾನಂತ. ಹೋಗಿ ಕೇಳು.”

ನನ್ನ ಕಸುಬು ಮುರಿದ ಗಿರಣಿಯ ಬಾಗಿಲಿಗೇ ಕೆಲಸ ಕೇಳಲು ಹೋಗಬೇಕು. ಮಾನ ನೋಡಿಕೊಂಡು ಕೂಡಲು ಚೀಲದಲ್ಲಿ ರೊಟ್ಟಿ ಎರಡೇ ಉಳಿದಿದ್ದವು. ಅಂದು ಅವಳ ಮನೆಯಲ್ಲೇ ಉಳಿದು ಮರುದಿನ ಮೊದಲ ಬಸ್ಸಿಗೆ ಸಿಂಧನೂರಿಗೆ ಹೋದೆ. ಮಸ್ಕಿ ದಾಟಿದ ಮೇಲೆ ಸ್ವಲ್ಪ ದೂರ ಒಣ ಹೊಲ, ಜಾಲಿ. ಕಾಲುವೆ ಬಂದ ಕೂಡಲೇ ಎರಡೂ ಕಡೆ ನೆಲ್ಲು, ಗಾಳಿಯೂ ತಣ್ಣಗೆ. ಊರೊಳಗೆ ಲಾರಿ, ಚೀಲ, ತೆಲುಗು ಮಾತು. ನಿಂತವರನ್ನು ನೂಕಿಕೊಂಡು ಓಡಾಡುವ ಊರು.

ಗಿರಣಿ ಮಾಲೀಕ ಚೀಲ ನೋಡಿದ, ನನ್ನನ್ನು ನೋಡಿದ. “ಗಂಡಸರು ಯಾರೂ ಬಂದಿಲ್ಲೇನು?”

“ಕಟಿಯಾಕಿ ಹೆಂಗಸಂತ ಕಲ್ಲಿಗೆ ಗೊತ್ತಾಗಂಗಿಲ್ಲ, ಧಣಿ.”

ಅವನು ನಗಲಿಲ್ಲ. “ಕಟಿ, ನೋಡೂಣು. ಚಲೋ ಆದ್ರ ಹದಿನೈದು ದಿನಕ್ಕೊಮ್ಮಿ ಈ ಕೆಲಸ ನಿಂದ.”

ಇಬ್ಬರು ಹಮಾಲರು ಮೇಲಿನ ಕಲ್ಲು ಎತ್ತಿ ಇಳಿಸಿದರು. ಅಷ್ಟು ದೊಡ್ಡ ಕಲ್ಲನ್ನು ನಾನು ಮುಟ್ಟಿರಲಿಲ್ಲ. ಮಧ್ಯಾಹ್ನ ಮೂರರವರೆಗೆ ಕಟೆದೆ. ಚಕ್ಕೆ ಸಿಡಿದು ಹಣೆ ಒಡೆಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಕಟೆದೆ. ಕೆಲಸ ಬರೋಬ್ಬರಿ ಆಯಿತು.

ಹೊಸದಾಗಿ ಕಟೆದ ಕಲ್ಲಿನಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಮೊದಲು ತೌಡು ಹಾಕಿ ತಿರುಗಿಸಿ, ಬಂದದ್ದನ್ನು ಚೆಲ್ಲಬೇಕು. ಜೋಳ ಹಾಕುವುದು ಆಮೇಲೆ. ಮಾಲೀಕನಿಗೆ ಹೇಳಿದೆ.

“ಪಾಳಿ ಹಚ್ಚಿ ನಿಂತ ಮಂದಿ ಕಾಣವಲ್ದೇನು? ಐದಕ್ಕ ಕರೆಂಟ್ ಹೋಗತದ. ನಿನ್ನ ಕೆಲಸ ಮುಗೀತು, ಸುಮ್ಮನ ಕುಂದ್ರು,” ಎಂದ.

ಪಾಳಿಯಲ್ಲಿ ಮೊದಲನೆಯವಳು ಬಸ್‌ಸ್ಟ್ಯಾಂಡ್ ಎದುರಿಗೆ ಖಾನಾವಳಿ ನಡೆಸುವ ಹೆಂಗಸು. ಅವಳ ಜೋಳವನ್ನೇ ಸುರಿದ. ಅವಳು ನನ್ನ ಮಗ್ಗುಲಿಗೇ ನಿಂತಿದ್ದಳು. ಈ ಹಿಟ್ಟು ಒಯ್ಯಬೇಡ ಎಂದು ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ಹದಿನೈದು ದಿನಕ್ಕೊಮ್ಮೆ ಸಿಗುವ ಕೆಲಸ ನೆನೆದು ಬಾಯಿ ಮುಚ್ಚಿಕೊಂಡೆ.

ತಾಸು ಕಳೆಯುವುದರೊಳಗೆ ಅವಳು ತಿರುಗಿ ಬಂದಳು. ಕೈಯಲ್ಲಿ ಮುರಿದ ರೊಟ್ಟಿ ಇತ್ತು.

“ತಿಂದು ನೋಡ್ರಿ ಸಾವ್ಕಾರ್ರ. ಇದು ರೊಟ್ಟಿ ಅಲ್ಲ, ಉಸುಕು. ಉಣ್ಣಾಕ ಕುಂತ ಮಂದಿ ಎದ್ದು ಹೋಗ್ಯಾರ.”

ಮಾಲೀಕ ನನ್ನ ಕಡೆ ಬೆರಳು ಮಾಡಿದ. “ಈಕೀನ್ನ ಕೇಳ್ರಿ. ವಯಸ್ಸಾಗ್ಯಾದ, ಕೈ ನಡಗತಾವ.”

“ನಿನ್ನ ಹಲ್ಲು ಬಿದ್ದಾವಂತ ಮಂದಿ ಹಲ್ಲೂ ಬೀಳಸ್ತೀಯೇನು, ಮುದುಕಿ?” ಎಂದಳು ಅವಳು. ಪಾಳಿಯವರೆಲ್ಲ ನಕ್ಕರು. ನಾನು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಕೂಲಿಗೆ ಕಾದೆ.

ಅವಳು ಹೋದ ಮೇಲೆ ಮಾಲೀಕ ಕೂಲಿ ಕೊಟ್ಟು ಮೆತ್ತಗೆ ಅಂದ: “ಮನಸಿಗೆ ಹಚ್ಕೋಬ್ಯಾಡ ಆಯಿ. ಗಿರಾಕಿ ಮುಂದ ಹಂಗ ಅನ್ನಬೇಕಾಗತದ. ಚಲೋ ಕಟದೀದಿ. ಅಮಾಸಿ ಮರುದಿನ ಬಾ.”

ಕೆಲಸ ಸಿಕ್ಕಿತು. ಕಲ್ಲು ಕಟೆಯುವುದು ಅದರಲ್ಲಿ ಅರ್ಧ, ಬೈಸಿಕೊಳ್ಳುವುದು ಉಳಿದರ್ಧ. ಬರ್ತೀನಿ ಎಂದೆ. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಖಾನಾವಳಿಯವಳು ಡಬ್ಬಿಯಲ್ಲಿ ಉಳಿದ ಹಿಟ್ಟನ್ನು ಎಮ್ಮೆಯ ಮುಂದೆ ಸುರಿಯುತ್ತಿದ್ದಳು.

ಮರುದಿನ ಊರಲ್ಲಿ ಜೋಳದ ಡಬ್ಬಿ ಹೊತ್ತು ನಮ್ಮ ಓಣಿಯ ಗಿರಣಿಗೆ ಹೋದೆ. ಪಾಳಿಯಲ್ಲಿ ನಾನೇ ಮೊದಲು. ಕಲ್ಲಿನ ಸುತ್ತ ನೆಲದ ಮೇಲೆ ಚಕ್ಕೆ ಬಿದ್ದಿದ್ದವು.

“ಕಲ್ಲು ಯಾವಾಗ ಕಟಿಸೀದಿ?” ಎಂದು ಕೇಳಿದೆ.

“ಈಗ ಮುಂಜಾನಿ.”

“ತೌಡು ಹಾಕೀದೇನು?”

ಗಿರಣಿಯವನು ಕೇಳಿಸದವನಂತೆ ಬೆಲ್ಟು ಏರಿಸಿದ. ನನ್ನ ಹಿಂದೆ ಮೂವರು ಹೆಂಗಸರು ನಿಂತಿದ್ದರು. “ನೀವು ಮೊದಲ ಹಾಕಸ್ಕೋರೆವ್ವಾ, ನನಗ ಅವಸರಿಲ್ಲ,” ಎಂದು ನನ್ನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ.

“ಆಯಿ ಮನಸು ದೊಡ್ಡದು,” ಎಂದು ಒಬ್ಬಳು ತನ್ನ ಡಬ್ಬಿ ಮುಂದಿಟ್ಟಳು.