ಎಣ್ಣೆ ಮುಟ್ಟದ ತಲೆ

ನನ್ನ ತಂಗಿಗೆ ಮನೆಯಲ್ಲಿ ನಾವಿಟ್ಟ ಹೆಸರು ಧೂಳಿನ ಪೊಲೀಸ್. ಬಾಹ್ಯಾಕಾಶಕ್ಕೆ ಹೋಗುವ ದೂರದರ್ಶಕದ ಕನ್ನಡಿ, ಕ್ಯಾಮೆರಾಗಳನ್ನು ಶುಚಿ ಮಾಡಿ ಮುಚ್ಚಳ ಹಾಕುವುದು ಅವಳ ಕೆಲಸ. ಆ ಕೋಣೆಗೆ ಪೌಡರು, ಸೆಂಟು, ಎಣ್ಣೆ ಹಚ್ಚಿಕೊಂಡು ಹೋಗುವಂತಿಲ್ಲ. ಇವಳೋ ಮನೆಯಲ್ಲೂ ಬಿಡುವವಳಲ್ಲ. ನಾನು ಕೈಗೆ ಕ್ರೀಮ್ ಹಚ್ಚಿದರೂ ಮೂಗು ಮುರಿಯುತ್ತಿದ್ದಳು. ಅವಳ ಕೂದಲು ಒಣಹುಲ್ಲಿನಂತಾಗಿತ್ತು.

ದೂರದರ್ಶಕ ಮೇಲೇರಿ ಭೂಮಿಯನ್ನು ಸುತ್ತತೊಡಗಿತು. ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ. ಆದರೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹಿಡಿದು, ಎಳೆಯ ನಕ್ಷತ್ರಗಳ ಸುತ್ತ ಯಾವ ಅನಿಲವಿದೆಯೆಂದು ತಿಳಿಸಬೇಕಾದ ಉಪಕರಣ ದಿನದಿನಕ್ಕೂ ಮಂಕಾಯಿತು. ಏನೋ ಜಿಡ್ಡು ಆವಿಯಾಗಿ ಅದರ ತಣ್ಣಗಿನ ಭಾಗದ ಮೇಲೆ ಕೂತಿದೆ ಎಂದರು ಎಂಜಿನಿಯರುಗಳು. ನೆಲದಿಂದಲೇ ಸೂಚನೆ ಕಳಿಸಿ ಬಿಸಿ ಮಾಡಿದರೆ ಹಾರಿಹೋದೀತು. ಆದರೆ ಯಾವ ಜಿಡ್ಡೆಂದು ಗೊತ್ತಿಲ್ಲದೆ ಎಷ್ಟು ಬಿಸಿ ಮಾಡುವುದು? ಹೆಚ್ಚಾದರೆ ಉಪಕರಣವೇ ಹಾಳು.

ಅಂದಿನಿಂದ ತಂಗಿ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದಳು. ಕೊನೆಗೊಮ್ಮೆ ನನ್ನೆದುರು ಬಾಯಿಬಿಟ್ಟಳು. ಮುಚ್ಚಳ ಹಾಕುವ ಹಿಂದಿನ ದಿನ ಅವಳಿಗೆ ಜ್ವರ. ಮಂಪರಿನಲ್ಲಿದ್ದಾಗ ಮಗಳು, ಅಮ್ಮನ ತಲೆ ತಂಪಾಗಲೆಂದು ನೆತ್ತಿಗೆ ಎಣ್ಣೆ ತಟ್ಟಿದ್ದಳು. ಮರುದಿನ ಬೆಳಿಗ್ಗೆ ತಂಗಿ ಚೆನ್ನಾಗಿ ತಿಕ್ಕಿ ತೊಳೆದೇ ಹೋಗಿದ್ದಳಂತೆ. ಆದರೆ ಮುಸುಕಿನೊಳಗಿಂದ ಬೆವರಿಳಿದಾಗ, ಯಾವತ್ತೂ ಮಾಡದವಳು, ಗ್ಲೌಸು ಹಾಕಿದ ಕೈಯಲ್ಲೇ ಹಣೆ ಒರೆಸಿಕೊಂಡಿದ್ದಳು. ಅದೇ ಕೈಯಲ್ಲಿ ಆ ಉಪಕರಣದ ಮುಚ್ಚಳವನ್ನೂ ಹಾಕಿದ್ದಳು.

ನನಗೆ ಸಿಟ್ಟು ಬಂತು. ಹೇಳಿದರೆ ಆ ಕೋಣೆಗೆ ಮತ್ತೆ ಸೇರಿಸುವುದಿಲ್ಲ, ತೆಪ್ಪಗಿರು ಎಂದು ಗದರಿದೆ.

“ನಾನು ಸುಮ್ನಿದ್ರೆ ಅದು ಕುರುಡಾಗೇ ಉಳಿಯುತ್ತೆ, ಅಕ್ಕ,” ಎಂದಳು. “ಮಗಳಿಗೆ ಮಾತ್ರ ಗೊತ್ತಾಗಬಾರದು.”

ಮರುದಿನ ಬಚ್ಚಲುಮನೆಯ ಎಣ್ಣೆ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಮುಖ್ಯ ಎಂಜಿನಿಯರ್ ಮೇಜಿನ ಮೇಲಿಟ್ಟಳು. ಅವರು ಬೈಯಲಿಲ್ಲವಂತೆ. ಎಣ್ಣೆಯನ್ನು ಪರೀಕ್ಷಿಸಿ, ಅದು ಆವಿಯಾಗುವಷ್ಟೇ ಹದವಾಗಿ ಉಪಕರಣವನ್ನು ಬಿಸಿ ಮಾಡಿಸಿದರು. ಮಂಕು ಬಹುಪಾಲು ಕಳೆಯಿತು. ತಂಗಿಯನ್ನು ಗ್ಲೌಸು, ಮುಸುಕು ಹಂಚುವ ಉಗ್ರಾಣಕ್ಕೆ ಹಾಕಿದರು.

ಬಾಟಲಿ ಎಲ್ಲಿ ಎಂದು ಮಗಳು ಕೇಳಿದ್ದಕ್ಕೆ, ಬಿದ್ದು ಒಡೆಯಿತು ಎಂದಳು. ಹುಡುಗಿ ಹೊಸದು ತಂದಳು. ಅಮ್ಮ ಈಗ ಆ ಕೋಣೆಗೆ ಹೋಗುವುದಿಲ್ಲವಲ್ಲ, ತಲೆಗೆ ಹಚ್ಚಲೇ ಎಂದು ಆಸೆಯಿಂದ ಕೇಳಿದಳು.

ತಂಗಿ ಕೆಳಗೆ ಕೂತು ತಲೆ ಬಗ್ಗಿಸಿದಳು.

“ಜಾಸ್ತೀನೇ ಹಾಕು, ಪುಟ್ಟಿ. ಇನ್ನೇನೂ ಪರವಾಗಿಲ್ಲ.”

ಹಿಂದೆ ಕೂತಿದ್ದ ಮಗಳಿಗೆ ಅವಳ ಮುಖ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.