ಪಂಚಮಿಯ ಹಾಲು, ಫ್ರಿಜ್ಜಿನ ಎರೆಹುಳ

ಬಟ್ಟಲನ್ನು ಕೆಳಗಿಡುವಷ್ಟರಲ್ಲಿ ಹಾವು ನನ್ನ ಹೆಬ್ಬೆರಳನ್ನು ಕಚ್ಚಿಯೇ ಬಿಟ್ಟಿತು. ಹಾಲೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಚೆಲ್ಲಿತು. ಅಂದು ನಾಗರ ಪಂಚಮಿ. ಮನೆಯಲ್ಲೇ ಹಾವಿರುವಾಗ ಹಾಲೆರೆಯದೆ ಇರುವುದು ಹೇಗೆ ಎಂದುಕೊಂಡು ಅರಿಸಿನ-ಕುಂಕುಮ ಸಮೇತ ಹೋಗಿದ್ದೆ.

ಅದು ನನ್ನ ಮಗಳು ಸಾಕಿದ, ಈ ಪರದೇಶದ ಹಿತ್ತಲುಗಳಲ್ಲಿ ಸಿಗುವ ಗಾರ್ಟರ್ ಹಾವು. ಪೆನ್ಸಿಲಿನಷ್ಟೇ ದಪ್ಪ, ಪ್ರಾಣಕ್ಕೇನೂ ಅಪಾಯವಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕ್ಯಾಂಪಿಗೆ ಹೋಗಿದ್ದ ಮಗಳಿಗೆ ಗಾಬರಿಯಿಂದ ಫೋನ್ ಮಾಡಿದೆ.

"ಅಮ್ಮಾ, ಹಾಲು ಅದಕ್ಕೆ ಆಗಲ್ಲ! ಫ್ರಿಜ್ಜಲ್ಲಿ ಎರೆಹುಳದ ಡಬ್ಬಿ ಇದೆ, ಅದನ್ನ ಕೊಡು. ಇಟ್ಸ್ ಜಸ್ಟ್ ಹಂಗ್ರಿ."

ಮೊಟ್ಟೆಯನ್ನೂ ಮುಟ್ಟದ ನಾನು ಹಬ್ಬದ ದಿನ, ಚೆಲ್ಲಿದ ಹಾಲು ಒರೆಸಿ, ಚಿಮಟದಲ್ಲಿ ಎರೆಹುಳ ಹಿಡಿದು ನಿಂತೆ. ಹಾವು ಅದನ್ನು ಕಿತ್ತುಕೊಂಡು ನುಂಗಿ, ತಲೆಯೆತ್ತಿ ನನ್ನನ್ನೇ ನೋಡಿತು. ಇನ್ನೊಂದನ್ನೂ ಕೊಟ್ಟೆ.

ಶನಿವಾರ ಮಗಳು ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಗೆ ಮರಳಿದಾಗ, ಎಂದಿನಂತೆ ಬಿಸಿಬೇಳೆಬಾತಿಗೆ ಬೇಳೆ ತೊಳೆಯುತ್ತಿದ್ದ ನಾನು ಕೈ ನಿಲ್ಲಿಸಿ, "ನಿಂಗೇನ್ ಬೇಕು ತಿನ್ನೋಕೆ?" ಎಂದು ಕೇಳಿದೆ. ಅವಳ ಹದಿನಾಲ್ಕು ವರ್ಷಗಳಲ್ಲಿ ನಾನು ಹಾಗೆ ಕೇಳಿದ್ದು ಅದೇ ಮೊದಲ ಸಲ. ಅವಳು ಬ್ಯಾಗನ್ನು ಅಲ್ಲೇ ಇಳಿಸಿ, ನನ್ನ ಕೈಯಿಂದ ಬೇಳೆಯ ಪಾತ್ರೆ ತೆಗೆದು ಪಕ್ಕಕ್ಕಿಟ್ಟಳು.