ಶೀರ್ಷಿಕೆ ಕೊಡುತ್ತಿದ್ದವಳು

ಎಂ.ಎ. ಕೊನೆಯ ವರ್ಷದ ಮಕ್ಕಳು ಕಿರುಪ್ರಬಂಧ ಬರೆಯಬೇಕು. ಆ ಕಾಲ ಬಂತೆಂದರೆ ಎಲ್ಲರೂ ನನ್ನ ಕೊಠಡಿಯ ಮುಂದೆ ನಿಂತು ಕೇಳುತ್ತಿದ್ದದ್ದು ಒಂದೇ ಮಾತು: "ಮೇಡಂ, ಒಂದು ಟಾಪಿಕ್ ಕೊಡಿ." ನಾನು ಕೊಡುತ್ತಿದ್ದೆ. ಊರಿನದೋ ಕವಿಯದೋ ಒಂದು ಹೆಸರು, ಪಕ್ಕದಲ್ಲಿ ಎರಡು ಚುಕ್ಕೆ, ಕೊನೆಗೆ 'ಒಂದು ಅಧ್ಯಯನ'. ನಮ್ಮ ಕನ್ನಡ ವಿಭಾಗದ ಬೀರುವಿನಲ್ಲಿರುವ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಶೀರ್ಷಿಕೆಗಳು ನನ್ನವೇ. ಸುಳ್ಳೇಕೆ ಹೇಳಲಿ, ಅದರ ಬಗ್ಗೆ ನನಗೆ ಜಂಬವಿತ್ತು.

ಹೀಗಿರುವಾಗ ವಿಭಾಗಕ್ಕೆ ಹೊಸ ಅಧ್ಯಾಪಕಿ ಬಂದಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಸಂಶೋಧನಾ ವಿಧಾನದ ತರಗತಿಯನ್ನು ಆ ವರ್ಷ ನಮ್ಮಿಬ್ಬರಿಗೂ ಹಂಚಿದರು. ಮೊದಲ ದಿನವೇ ಅವಳು ಹೇಳಿದಳು: "ಒಂದು ವಾರ ಲೈಬ್ರರಿ ಕಡೆ ತಲೆ ಹಾಕ್ಬೇಡಿ. ನಿಮ್ಮ ಮನೆ, ನಿಮ್ಮ ಬೀದಿ ನೋಡಿ. ನಿಮಗೆ ನಿಜವಾಗ್ಲೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತನ್ನಿ. 'ಒಂದು ಅಧ್ಯಯನ' ಅಂತ ಬರ್ಕೊಂಡು ಬಂದ್ರೆ ನಾನು ಓದೋದೇ ಇಲ್ಲ." ತರಗತಿ ಘೊಳ್ಳೆಂದು ನಕ್ಕಿತು. ಇದೆಲ್ಲ ನನಗೆ ಹೇಗೆ ಗೊತ್ತು? ಮೊಬೈಲ್ ನೋಡುವವಳಂತೆ ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ.

ಅಂದಿನಿಂದ ಹೊಟ್ಟೆಯೊಳಗೆ ಉರಿ. ನನ್ನ ಬಾಗಿಲ ಮುಂದಿನ ಗುಂಪು ಅವಳ ಬಾಗಿಲಿಗೆ ಸರಿಯಿತು. ಮಧ್ಯಾಹ್ನ ಅವಳು ಡಬ್ಬಿ ಚಾಚಿ "ಚಿತ್ರಾನ್ನ ತಗೊಳ್ಳಿ ಮೇಡಂ" ಎನ್ನುತ್ತಿದ್ದಳು. ಅದೂ ಚೆನ್ನಾಗಿರುತ್ತಿತ್ತು, ಹಾಳಾದ್ದು.

ಆದರೂ ಒಬ್ಬಳು ನನ್ನ ಕೈಬಿಡುವುದಿಲ್ಲವೆಂದು ನಂಬಿದ್ದೆ. ಅಶೋಕಪುರಂನ ಹುಡುಗಿ. ಮೊದಲ ವರ್ಷದಿಂದಲೂ ನನ್ನ ಪುಸ್ತಕಗಳನ್ನೇ ಓದಿ ಬೆಳೆದವಳು. ಒಳ್ಳೆಯ ಶೀರ್ಷಿಕೆಯೊಂದನ್ನು ಅವಳಿಗೆಂದೇ ಎತ್ತಿಟ್ಟಿದ್ದೆ: 'ಮೈಸೂರಿನ ಬಡಾವಣೆಗಳ ಹೆಸರುಗಳು: ಒಂದು ಅಧ್ಯಯನ'. ಯಾವ ಅಧ್ಯಾಯದಲ್ಲಿ ಏನಿರಬೇಕು, ಉಪಸಂಹಾರದಲ್ಲಿ ಏನು ಬರುತ್ತದೆ, ಎಲ್ಲವನ್ನೂ ಹೇಳಿಕೊಟ್ಟಿದ್ದೆ.

ಅವಳು ಒಂದು ಹಾಳೆ ತಂದಳು. ಅದರಲ್ಲಿ ಬರೆದಿತ್ತು: 'ಗೋಕುಲಂನಲ್ಲಿ ಯೋಗ ಕಲಿಯಲು ಬಂದಿರುವ ವಿದೇಶಿಯರ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರು ಅವರೊಂದಿಗೆ ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ?' ಅವಳ ತಾಯಿಯೇ ಅಲ್ಲಿ ಅಡುಗೆ ಮಾಡುತ್ತಿದ್ದರು, ಇಂಗ್ಲಿಷ್ ಬಾರದು.

ನಾನು ಕೆಂಪು ಪೆನ್ನು ತೆಗೆದೆ. ಆ ಪ್ರಶ್ನಾರ್ಥಕ ಚಿಹ್ನೆಯ ಪಕ್ಕದಲ್ಲೇ 'ಒಂದು ಅಧ್ಯಯನ' ಎಂದು ಸೇರಿಸಿಬಿಟ್ಟೆ. ಬರೆದ ಮೇಲೆ ನಾಚಿಕೆಯಾಯಿತು, ಆದರೆ ಹೊಡೆದುಹಾಕಲಿಲ್ಲ.

ಮರುವಾರ ಅವಳು ಮಾರ್ಗದರ್ಶಕರನ್ನು ಬದಲಿಸಿ ಹೊಸ ಅಧ್ಯಾಪಕಿಯ ಬಳಿಗೆ ಹೋಗುವ ಅರ್ಜಿ ತಂದಳು. ಅದಕ್ಕೆ ನನ್ನ ಸಹಿ ಬೇಕು. "ಇಟ್ಟು ಹೋಗು, ನೋಡ್ತೀನಿ" ಎಂದು ಡ್ರಾಯರಿಗೆ ಹಾಕಿದೆ. ಕೊಡಲು ಕೊನೆಯ ದಿನ ಶುಕ್ರವಾರ. ಅದು ದಾಟಿದರೆ ಅವಳು ನನ್ನ ಬಳಿಯೇ ಉಳಿಯಬೇಕಿತ್ತು. ನಾನು ಕಾಯುತ್ತಿದ್ದದ್ದೂ ಅದಕ್ಕೇ.

ಶುಕ್ರವಾರ ಮಧ್ಯಾಹ್ನ ಬಂದಳು.

"ನಾನು ಕೊಟ್ಟಿದ್ರಲ್ಲಿ ಏನಮ್ಮ ತಪ್ಪಿತ್ತು?" ಎಂದೆ.

"ತಪ್ಪೇನಿಲ್ಲ ಮೇಡಂ. ಕೊನೇಲಿ ಏನ್ ಬರತ್ತೆ ಅಂತ ನೀವು ಮೊದ್ಲೇ ಹೇಳ್ಬುಟ್ರಲ್ಲ. ಇನ್ ನಾನೇನ್ ಹುಡುಕ್ಲಿ?"

"ಅವ್ರೇ ಬಾ ಅಂದ್ರಾ?"

"ಅಯ್ಯೋ ಇಲ್ಲ ಮೇಡಂ. ಮೇಡಂ ಹತ್ರಾನೇ ಇರು, ಅವ್ರಷ್ಟು ಈ ಊರು ಗೊತ್ತಿರೋರು ಇನ್ಯಾರಿದಾರೆ ಅಂದ್ರು. ನಾನೇ ಹಟ ಮಾಡ್ದೆ."

ಆ ಅಧ್ಯಾಪಕಿಯೇ ಹುಡುಗಿಯನ್ನು ಕಿತ್ತುಕೊಂಡಿದ್ದರೆ ನಾಲ್ಕು ಜನರ ಮುಂದೆ ಬೈದು ಹಗುರಾಗುತ್ತಿದ್ದೆ. ಅವಳ ಒಳ್ಳೆಯತನ ಇನ್ನಷ್ಟು ಉರಿಸಿತು. ಡ್ರಾಯರ್ ಎಳೆದು, ಅರ್ಜಿ ತೆಗೆದು ಸಹಿ ಹಾಕಿದೆ. ಹುಡುಗಿ ಅದನ್ನು ಮಡಚದೆ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡಳು.

ಅವಳು ಬಾಗಿಲು ತಲುಪಿದಾಗ ತಡೆಯಲಾರದೆ ಕೇಳಿದೆ: "ಅಲ್ಲ ಕಣಮ್ಮ, ನಿಮ್ಮಮ್ಮ ಎಂಥ ಭಾಷೇಲಿ ಜಗಳ ಆಡ್ತಾರೆ?"

"ಗೊತ್ತಿಲ್ಲ ಮೇಡಂ!" ಎಂದಳು. ಮುಖ ಅರಳಿತ್ತು, ಕಣ್ಣು ಹೊಳೆಯುತ್ತಿತ್ತು. ಇಷ್ಟು ವರ್ಷ ನನ್ನ ಮುಂದೆ ಮಕ್ಕಳು ಆ ಮಾತನ್ನು ತಲೆ ತಗ್ಗಿಸಿಯೇ ಹೇಳಿದ್ದರು.